ಮೊಟ್ಟೆ ಇಡಿಸುವುದು ಇಂಜೆಕ್ಷನ್ ಅಲ್ಲ, ಬೆಳಕು

ಫಾರಂ ಕೋಳಿಗಳಿಗೆ ಹಾರ್ಮೋನ್ ಚುಚ್ಚಿ ಮೊಟ್ಟೆ ಇಡಿಸುತ್ತಾರೆಯೇ, ನಿಮ್ಮ ಮನೆಯ ನಾಟಿ ಹ್ಯಾಟೆ ಕೆಲವು ಮೊಟ್ಟೆ ಇಟ್ಟ ಮೇಲೆ ಕಾವಿಗೆ ಕುಳಿತುಬಿಡುವುದೇಕೆ, ಮೊಟ್ಟೆಯನ್ನು ತಂದ ಕೂಡಲೇ ತೊಳೆಯಬೇಕೇ ಎಂದು ಕೇಳಿದ್ದೀರಿ. ಮೊಟ್ಟೆಕೋಳಿಗಳ ಆರೈಕೆ ನೋಡಿಕೊಳ್ಳುವ ಪಶುವೈದ್ಯನಾಗಿ ನಾನು ಹೇಳುವುದಾದರೆ, ಚುಚ್ಚುಮದ್ದಿನ ಮಾತು ಬರಿಯ ವದಂತಿ. ಮೊಟ್ಟೆಗೆ ಬೇಕಾದ ಹಾರ್ಮೋನುಗಳು ನಿಗದಿತ ಗಂಟೆಗೆ ಏರಿ ಇಳಿಯಬೇಕಾಗಿರುವುದರಿಂದ, ಸಾವಿರಾರು ಕೋಳಿಗಳಿಗೆ ಹೊತ್ತಿಗೆ ಸರಿಯಾಗಿ ಅವನ್ನು ಚುಚ್ಚುತ್ತಾ ಕೂರುವುದು ಆಗದ ಕೆಲಸ.

ಆ ಕೆಲಸವನ್ನು ಬೆಳಕು ಮಾಡುತ್ತದೆ. ಕೋಳಿಯ ತಲೆಬುರುಡೆಯನ್ನು ದಾಟಿ ಒಳಹೋಗುವ ಬೆಳಕನ್ನು ಮೆದುಳಿನ ಹೈಪೋಥಲಾಮಸ್ ಭಾಗದ ಕೋಶಗಳು ನೇರವಾಗಿಯೇ ಗ್ರಹಿಸುತ್ತವೆ. ಹಗಲು ಸುಮಾರು 14ರಿಂದ 16 ಗಂಟೆಗಳಷ್ಟಿದ್ದರೆ ಅಲ್ಲಿಂದ ಹೊರಡುವ ಸಂದೇಶವು ಪಿಟ್ಯುಟರಿ ಗ್ರಂಥಿಯನ್ನು ಎಚ್ಚರಿಸಿ, ಅಂಡಾಶಯವನ್ನು ಬೆಳೆಸುವ ಹಾರ್ಮೋನುಗಳನ್ನು ಬಿಡಿಸುತ್ತದೆ. ಫಾರಂಗಳಲ್ಲಿ ಮುಂಜಾನೆ ಅಥವಾ ಸಂಜೆ ಬಲ್ಬು ಉರಿಸುವುದು ಇದಕ್ಕಾಗಿಯೇ. ಅಂಡಾಶಯದ ಈಸ್ಟ್ರೋಜನ್ ಎಂಬ ಹಾರ್ಮೋನ್, ಮೊಟ್ಟೆಯ ಹಳದಿ ಭಂಡಾರಕ್ಕೆ ಬೇಕಾದ ಪದಾರ್ಥವನ್ನು ಯಕೃತ್ತಿನಲ್ಲಿ ತಯಾರಿಸುವುದಲ್ಲದೆ, ಚಿಪ್ಪಿಗಾಗಿ ಮೂಳೆಯೊಳಗೆ ಸುಣ್ಣವನ್ನೂ ಕೂಡಿಡುತ್ತದೆ. ಬಲಿತ ಭಂಡಾರವನ್ನು ಸುತ್ತಿರುವ ಪೊರೆ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನನ್ನು ಸುರಿಸಿದಾಗ ಲ್ಯೂಟಿನೈಸಿಂಗ್ ಹಾರ್ಮೋನ್ ಒಮ್ಮೆಗೇ ಏರುತ್ತದೆ, ಅದಾದ ನಾಲ್ಕರಿಂದ ಆರು ಗಂಟೆಯಲ್ಲಿ ಭಂಡಾರ ಕಳಚಿ ಅಂಡನಾಳ ಸೇರುತ್ತದೆ. ಅಲ್ಲಿ ಮೊಟ್ಟೆ ಪೂರ್ಣಗೊಳ್ಳಲು 24ರಿಂದ 26 ಗಂಟೆ ಬೇಕು. ಅದರಲ್ಲಿ ಸುಮಾರು 20 ಗಂಟೆ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಹೀಗಾಗಿ ಮೊಟ್ಟೆ ಇಡುವ ಹೊತ್ತು ದಿನದಿಂದ ದಿನಕ್ಕೆ ತಡವಾಗುತ್ತಾ ಹೋಗಿ, ಹಾರ್ಮೋನ್ ಏರಬಲ್ಲ ರಾತ್ರಿಯ ಅವಧಿ ಮೀರಿದಾಗ ಕೋಳಿ ಒಂದು ದಿನ ಬಿಡುತ್ತದೆ. ಅದು ರೋಗವಲ್ಲ.

ನಿಮ್ಮ ಹ್ಯಾಟೆಯನ್ನು ಕಾವಿಗೆ ಕೂರಿಸುವುದು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನ್. ಗೂಡಿನಲ್ಲಿ ಉಳಿದ ಮೊಟ್ಟೆಗಳು ಹೊಟ್ಟೆಗೆ ತಾಗುತ್ತಿದ್ದಷ್ಟೂ ಅದು ಹೆಚ್ಚಿ, ಅಂಡಾಶಯ ಕುಗ್ಗುತ್ತದೆ. ಮೊಟ್ಟೆಗಾಗಿಯೇ ಸಾಕುವ ಲೆಗ್‌ಹಾರ್ನ್ ತಳಿಗಳಲ್ಲಿ ಆಯ್ಕೆಯ ಸಾಕಣೆಯಿಂದ ಈ ಗುಣ ಬಹುಮಟ್ಟಿಗೆ ಅಳಿದುಹೋಗಿದೆ. ನಾಟಿ ಕೋಳಿಯಲ್ಲಿ ಉಳಿದಿರುವುದರಿಂದಲೇ ಅದು ತನ್ನ ಮರಿಗಳನ್ನು ತಾನೇ ಮಾಡಿಕೊಳ್ಳುತ್ತದೆ ಎಂಬುದನ್ನು ದೋಷವೆಂದು ನಾನು ಕರೆಯಲಾರೆ. ಮರಿ ಬೇಡವಾದರೆ ಮೊಟ್ಟೆಗಳನ್ನು ಪ್ರತಿದಿನವೂ ಎತ್ತಿಕೊಳ್ಳಿ. ಈಗಾಗಲೇ ಕುಳಿತಿದ್ದರೆ, ಗಾಳಿಯಾಡುವ ಜಾಲರಿ ತಳದ ಪಂಜರದಲ್ಲಿ, ಮೇವು ನೀರು ಕೊಟ್ಟು, ಕೆಲವು ದಿನ ಬಿಡಿ.

ಎತ್ತಿದ ಮೊಟ್ಟೆಯನ್ನು ಇಡುವ ಮುನ್ನ ತೊಳೆಯಬೇಡಿ. ಚಿಪ್ಪಿನ ಸಾವಿರಾರು ಸೂಕ್ಷ್ಮ ರಂಧ್ರಗಳನ್ನು ಮುಚ್ಚಿರುವ ತೆಳುಪೊರೆ ತೊಳೆದರೆ ಹೋಗುತ್ತದೆ. ಅದರಲ್ಲೂ ತಣ್ಣೀರು ತಾಗಿದಾಗ ಒಳಗಿನದು ಕುಗ್ಗಿ, ಹೊರಗಿನ ಕೊಳೆಯನ್ನೂ ರೋಗಾಣುಗಳನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ. ಹಿಕ್ಕೆ ಅಂಟಿದ್ದರೆ ಒಣಬಟ್ಟೆಯಿಂದ ಒರೆಸಿ, ಮೊಂಡು ತುದಿ ಮೇಲಿರುವಂತೆ ಫ್ರಿಜ್ಜಿನಲ್ಲಿಡಿ. ಒಮ್ಮೆ ಫ್ರಿಜ್ಜಿಗಿಟ್ಟ ಮೊಟ್ಟೆ ಹೊರಗೆ ಬಂದು ಬೆವರಿದರೆ ಬೇಗ ಕೆಡುತ್ತದೆ, ಆದ್ದರಿಂದ ಬೇಕಾದಷ್ಟನ್ನೇ ತೆಗೆಯಿರಿ. ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆದುಕೊಳ್ಳಿ.