ಮಣಿಪುರದ ಇಬ್ಬರು ಅನಾಥ ಮಕ್ಕಳನ್ನು ಬೆಂಗಳೂರಿನ ಹಾಸ್ಟೆಲ್‌ಗೆ ಸೇರಿಸಬೇಕು, ಒಳ್ಳೇದು ಯಾವುದು? ಈಗ ಅಜ್ಜಿ ಜೊತೆ ಇದ್ದಾರೆ.

ಹಾಸ್ಟೆಲ್ ವಿಷಯ ಆಮೇಲೆ. ನಿಮ್ಮ ಪ್ರಶ್ನೆ ಓದಿದಾಗ 2023ರ ನಾನೇ ಎದುರು ಬಂದು ಕೂತ ಹಾಗಾಯ್ತು.

ಆ ವರ್ಷ ಮೇ 3ಕ್ಕೆ ಮಣಿಪುರದಲ್ಲಿ ಮೈತೇಯಿ, ಕುಕಿ ಸಮುದಾಯಗಳ ನಡುವೆ ಗಲಭೆ ಶುರುವಾಗಿ 60,000ಕ್ಕೂ ಹೆಚ್ಚು ಜನ ಮನೆ ಬಿಟ್ಟಿದ್ದರು. ನನ್ನ ಸಹೋದ್ಯೋಗಿಯೊಬ್ಬರ ಊರು ಚುರಾಚಾಂದ್‌ಪುರ. ಅವರ ಜೊತೆ ಕಂಬಳಿ, ಔಷಧಿ ಹೊತ್ತು ನಾನೂ ಹೋದೆ. ಕುಕಿಗಳು ಮೈತೇಯಿಗಳೇ ಹೆಚ್ಚಿರುವ ಇಂಫಾಲ್ ಕಡೆ ಕಾಲಿಡುವಂತಿರಲಿಲ್ಲ, ಮಿಜೋರಾಂನ ಐಜಾಲ್ ಸುತ್ತಿಕೊಂಡು ಹೋಗಬೇಕಿತ್ತು. ಶಿಬಿರದಲ್ಲಿ ಒಂಬತ್ತು ವರ್ಷದ ಹುಡುಗ. ಅಮ್ಮ ಮೊದಲೇ ಕಾಯಿಲೆಯಿಂದ ತೀರಿಕೊಂಡಿದ್ದರು, ಅಪ್ಪ ಗಲಭೆಯಲ್ಲಿ ಗುಂಡೇಟಿಗೆ ಬಲಿಯಾಗಿದ್ದರು. ನಾನು ಓದಿಸ್ತೀನಿ ಅಂದೆ. ಸೋದರತ್ತೆ ಒಪ್ಪಿದರು. ಶಿಬಿರದವರು ಚೀಟಿ ಬರೆದುಕೊಟ್ಟರು.

ಆ ಚೀಟಿ ಸಾಕು ಅಂದುಕೊಂಡೆನಲ್ಲ, ಅದೇ ನಾನು ಮಾಡಿದ ತಪ್ಪು. 2015ರ ಬಾಲನ್ಯಾಯ ಕಾಯ್ದೆ ಸಶಸ್ತ್ರ ಸಂಘರ್ಷಕ್ಕೆ ಸಿಕ್ಕ ಮಗುವನ್ನು 'ಪಾಲನೆ ಮತ್ತು ರಕ್ಷಣೆ ಅಗತ್ಯವಿರುವ ಮಗು' ಅನ್ನುತ್ತೆ. ಅದು ಎಲ್ಲಿರಬೇಕು ಅಂತ ತೀರ್ಮಾನಿಸೋದು ಮಕ್ಕಳ ಕಲ್ಯಾಣ ಸಮಿತಿ. ನನಗಿದು ಗೊತ್ತಿರಲಿಲ್ಲ ಅಂತೇನಿಲ್ಲ. ಸಮಿತಿಯವರು ಸಿಗೋದು ಸೋಮವಾರ, ನನ್ನ ಟಿಕೆಟ್ ಶನಿವಾರ. ಎರಡು ದಿನ ಉಳಿಸೋಕೆ ಹೋದೆ.

ಗುವಾಹಟಿಯಲ್ಲಿ ರೈಲು ಹತ್ತಿದ ಮಾರನೇ ದಿನ ಒಂದು ನಿಲ್ದಾಣದಲ್ಲಿ ರೈಲ್ವೆ ಪೊಲೀಸರು ಕೇಳಿದರು, ಇವನು ನಿಮಗೆ ಏನಾಗಬೇಕು ಅಂತ. ಚೀಟಿ ತೋರಿಸಿದೆ. ಅವರ ಅನುಮಾನ ತಪ್ಪಲ್ಲ, ಮಕ್ಕಳನ್ನು ಸಾಗಿಸೋರೂ 'ಓದಿಸ್ತೀನಿ' ಅಂತಲೇ ಹೇಳೋದು. ಹುಡುಗ 23 ದಿನ ಅಲ್ಲಿನ ಬಾಲಮಂದಿರದಲ್ಲಿದ್ದ. ಅವನ ಥಾಡೊ ಭಾಷೆ ಅಲ್ಲಿ ಒಬ್ಬರಿಗೂ ಬರ್ತಿರಲಿಲ್ಲ. ಕೊನೆಗೆ ಅತ್ತೆಯ ಹತ್ತಿರವೇ ವಾಪಸ್ ಕಳಿಸಿದರು. ಆಗ ಗೊತ್ತಾಯ್ತು, ಶಿಬಿರದಲ್ಲಿ ಅವನಿಗೊಬ್ಬಳು ಪುಟ್ಟ ತಂಗಿ ಇದ್ದಳು. ಅಪ್ಪನ ಹಾಗೆ ಅಣ್ಣನೂ ಹೋದ ಅಂದುಕೊಂಡಿದ್ದಳಂತೆ. ಸಮಿತಿ ಮುಂದೆ ನಿಂತಿದ್ದರೆ ಅವರು ಮೊದಲು ಕೇಳ್ತಿದ್ದದ್ದೇ 'ಮನೇಲಿ ಇನ್ಯಾರಿದ್ದಾರೆ?' ಅಂತ. ನಾನು ಕೇಳಲೇ ಇಲ್ಲ.

ಹಾಗಾಗಿ ಕರೆತರಲೇಬೇಡಿ. 'ಅನಾಥರು' ಅಂತ ಬರೆದ ಮುಂದಿನ ಸಾಲಲ್ಲೇ ನೀವು 'ಅಜ್ಜಿ ಜೊತೆ ಇದ್ದಾರೆ' ಅಂದಿದ್ದೀರಿ. ಅಂಥ ಮಕ್ಕಳಿಗೆ ಹಾಸ್ಟೆಲ್ ಯಾಕ್ರೀ? ಅಜ್ಜಿ ಕೈಗೆ ದುಡ್ಡು ಸಿಗಬೇಕು. ಮಕ್ಕಳ ರಕ್ಷಣೆಗಿರುವ ಕೇಂದ್ರ ಸರ್ಕಾರದ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಇದೆ, ಅರ್ಜಿ ಹಾಕಬೇಕಾದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಆದರೆ ಜನನ ಪತ್ರ, ಆಧಾರ್ ಎಲ್ಲ ಮನೆ ಜೊತೆ ಸುಟ್ಟಿರುತ್ತೆ. ಅವನ್ನು ಮತ್ತೆ ಮಾಡಿಸೋಕೆ ಅಲ್ಲೇ ಓಡಾಡೋ ವಕೀಲರೊಬ್ಬರನ್ನು ಹಿಡಿದು, ಅವರ ಫೀಸು ನೀವು ಕೊಡಿ.

ಹುಡುಗ ಈಗ ಊರಲ್ಲೇ ಶಾಲೆಗೆ ಹೋಗ್ತಾನೆ. ನಾನು ಫೋನ್ ಮಾಡಿದರೆ ಅತ್ತೆ ಮಾತಾಡ್ತಾರೆ. ಅವನು ಬರಲ್ಲ.