ಸ್ಟಾರ್ಮ್‌ಗೆ ಬ್ಲೋವರ್ ಕೂರಿಸುವ ಮೊದಲು

ಗ್ಯಾರೇಜು ಕಟ್ಟೆ: ಓದುಗರ ಪ್ರಶ್ನೆಗಳಿಗೆ ಬದಿಯಡ್ಕದ ಮೆಕ್ಯಾನಿಕ್ ಉತ್ತರ

ಪ್ರಶ್ನೆ: ಅಣ್ಣಾ, ನನ್ನ ಹತ್ತಿರ ಒಂದು ಹಳೇ ಸ್ಯಾನ್ ಸ್ಟಾರ್ಮ್ ಕಾರು ಉಂಟು. ಎಂಜಿನ್ ಬಿಚ್ಚಿ ರಿಪೇರಿ ಮಾಡಿಸಿ ಆಗಿದೆ. ಪರಿಚಯದವರೊಬ್ಬರು ಜಪಾನಿನ ಐಸಿನ್ ಎಎಂಆರ್500 ಸೂಪರ್‌ಚಾರ್ಜರ್ (ಎಂಜಿನ್ನಿಗೆ ಗಾಳಿ ಒತ್ತಿ ತುಂಬಿಸುವ ಬ್ಲೋವರ್) ಕೊಡ್ತೇನೆ ಅಂತಾರೆ. ಅದನ್ನು ಕೂರಿಸಿ ಆಟೋಕ್ರಾಸ್‌ಗೆ (ಕೋನ್‌ಗಳ ನಡುವೆ ಓಡಿಸುವ ಸ್ಪರ್ಧೆಗೆ) ಇಳಿಯುವ ಆಸೆ. ಪವರ್ ಡಬಲ್ ಆಗ್ತದಾ? (ಓದುಗ, ಪೆರ್ಲ)

ಉತ್ತರ: ಡಬಲ್ ಆಗುವುದಿಲ್ಲ ತಮ್ಮಾ. ಆದರೆ ಕಾರು ಆರಿಸಿದ್ದು ಭಾರೀ ಲಾಯ್ಕ. ಫೈಬರ್ ಮೈ, ಎರಡೇ ಸೀಟು, ರೆನೋದ 1149 ಸಿಸಿ ಎಂಜಿನ್, 60 ಬಿಎಚ್‌ಪಿ. ನಮ್ಮ ದೇಶದಲ್ಲಿ ಮಾಡಿದ ಸ್ಪೋರ್ಟ್ಸ್ ಕಾರು ಅಂತ ಹೇಳಿಕೊಳ್ಳಲು ಇರುವುದೇ ಬೆರಳೆಣಿಕೆಯಷ್ಟು. ಅದರಲ್ಲಿ ಒಂದು ಪೆರ್ಲದಲ್ಲಿ ಉಂಟು ಅಂತ ನನಗೆ ಗೊತ್ತೇ ಇರಲಿಲ್ಲ.

ಪುಲ್ಲಿ ಲೆಕ್ಕ ಮೊದಲು ನೋಡಿ. ಎಎಂಆರ್500 ಒಂದು ಸುತ್ತಿಗೆ 500 ಸಿಸಿ ಗಾಳಿ ತಳ್ಳುತ್ತದೆ. ನಿಮ್ಮ ಎಂಜಿನ್ ಕ್ರ್ಯಾಂಕಿನ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡದ) ಒಂದು ಸುತ್ತಿಗೆ ಎಳೆದುಕೊಳ್ಳುವುದು 1149ರ ಅರ್ಧ, ಹೆಚ್ಚೆಂದರೆ 575 ಸಿಸಿ. ಅಂದರೆ ಎರಡೂ ಪುಲ್ಲಿ ಒಂದೇ ಅಳತೆಯದ್ದಾದರೆ ಬೂಸ್ಟ್, ಅಂದರೆ ಹೆಚ್ಚುವರಿ ಗಾಳಿ ಒತ್ತಡ, ಸೊನ್ನೆ. ಸುಮ್ನೆ ಬೆಲ್ಟ್ ಸವೆಯುತ್ತದೆ ಅಷ್ಟೆ. ಕ್ರ್ಯಾಂಕಿನಲ್ಲಿ 120 ಎಂಎಂ, ಬ್ಲೋವರಿನಲ್ಲಿ 80 ಎಂಎಂ ಹಾಕಿದರೆ ಬ್ಲೋವರ್ ಒಂದೂವರೆ ಪಟ್ಟು ತಿರುಗುತ್ತದೆ, 750 ಸಿಸಿ ತಳ್ಳುತ್ತದೆ. ಸೋರಿಕೆ ಕಳೆದು ಎಂಜಿನ್ನಿಗೆ ಹಿಡಿಸದೆ ಉಳಿದದ್ದೇ ಒತ್ತಡ. ಅಲ್ಲಿಂದ ಶುರು ಮಾಡಿ, ಗೇಜು ನೋಡಿ. 0.4 ಬಾರ್ ದಾಟಿತಾ, ಬ್ಲೋವರಿನ ಪುಲ್ಲಿ ದೊಡ್ಡದು ಮಾಡಿ. ಲೇತಿನವನ ಹತ್ತಿರ ಒಂದೇ ಸಲಕ್ಕೆ ಮೂರು ಅಳತೆಯ ಪುಲ್ಲಿ ಕಡೆಸಿಕೊಂಡರೆ ಪದೇ ಪದೇ ಓಡಾಟ ತಪ್ಪುತ್ತದೆ. ಬೆಲ್ಟ್ ಬ್ಲೋವರಿನ ಪುಲ್ಲಿಯನ್ನು ಅರ್ಧ ಸುತ್ತಾದರೂ ಅಪ್ಪಿ ಹಿಡಿಯುವ ಹಾಗೆ ಒಂದು ಐಡ್ಲರ್ (ಬೆಲ್ಟ್ ಒತ್ತಿ ಹಿಡಿಯುವ ಸಣ್ಣ ಪುಲ್ಲಿ) ಕೊಡಿ. ಇಲ್ಲದಿದ್ದರೆ ಮಳೆ ನೀರು ಬಿದ್ದ ಕೂಡಲೇ ಜಾರಿ ಬೊಬ್ಬೆ ಹೊಡೆಯುತ್ತದೆ.

ಇನ್ನು ಬಿಸಿ. ಸೈಕಲ್ ಪಂಪು ಜೋರಾಗಿ ಹೊಡೆದರೆ ಬುಡ ಕಾಯುತ್ತದಲ್ವಾ, ಇಲ್ಲಿ ಆಗುವುದೂ ಅದೇ. ನಮ್ಮ ಏಪ್ರಿಲ್ ತಿಂಗಳ 35 ಡಿಗ್ರಿ ಗಾಳಿಯನ್ನು ಈ ತರದ ಬ್ಲೋವರ್ 0.4 ಬಾರಿಗೆ ಒತ್ತಿದರೆ ಹೊರಗೆ ಬರುವಾಗ ಸುಮಾರು 90 ಡಿಗ್ರಿ. ಬಿಸಿ ಗಾಳಿ ಹಿಗ್ಗುತ್ತದೆ. ಗೇಜಿನಲ್ಲಿ ಒತ್ತಡ 40 ಪರ್ಸೆಂಟ್ ಜಾಸ್ತಿ ಕಂಡರೂ ಸಿಲಿಂಡರಿಗೆ ನಿಜವಾಗಿ ಜಾಸ್ತಿ ಹೋದ ಗಾಳಿ 18–19 ಪರ್ಸೆಂಟ್ ಮಾತ್ರ. ಅದರಲ್ಲಿ ಬ್ಲೋವರ್ ತಿರುಗಿಸುವ ಖರ್ಚು ಕಳೆಯಿರಿ, ನಾಕಿಂಗ್ (ಸಿಲಿಂಡರಿನಲ್ಲಿ ಪೆಟ್ರೋಲ್ ತಾನಾಗಿ ಸಿಡಿಯುವುದು) ಹೆದರಿಕೆಗೆ ಸ್ಪಾರ್ಕಿನ ಟೈಮಿಂಗ್ ಹಿಂದೆ ಇಟ್ಟದ್ದು, ಅಂದರೆ ತಡ ಮಾಡಿದ್ದು, ಕಳೆಯಿರಿ. 60 ಇದ್ದದ್ದು 65 ಆದರೆ ಆಯಿತು. ಇಷ್ಟಕ್ಕೆ ಇಷ್ಟೆಲ್ಲ ಬೇಕಿತ್ತಾ? ಅದೇ ಗಾಳಿಯನ್ನು ಇಂಟರ್‌ಕೂಲರಿನಲ್ಲಿ (ಗಾಳಿ ತಣಿಸುವ ರೇಡಿಯೇಟರಿನಂಥದ್ದು) ಹಾಯಿಸಿ 50 ಡಿಗ್ರಿಗೆ ಇಳಿಸಿದರೆ ಗಾಳಿ 33 ಪರ್ಸೆಂಟ್ ಜಾಸ್ತಿ. ಆಗ 75ರ ಹತ್ತಿರ ಬರಬಹುದು. ಆದ್ದರಿಂದ ಬ್ಲೋವರಿಗಿಂತ ಮೊದಲು ಇಂಟರ್‌ಕೂಲರಿಗೆ ಜಾಗ ಹುಡುಕಿ. ಆಟೋಕ್ರಾಸಿನಲ್ಲಿ ಕಾರು ಸ್ಪೀಡ್ ಹಿಡಿಯುವುದೇ ಕಡಿಮೆ, ಮುಂದಿನಿಂದ ಗಾಳಿ ಬಡಿಯುವುದಿಲ್ಲ. ನೀರಿನಿಂದ ತಣಿಸುವಂಥದ್ದೇ ಒಳ್ಳೆಯದು. ಒಂದು ಓಟ ಮುಗಿದು ಇನ್ನೊಂದಕ್ಕೆ ಕಾಯುವಾಗ ಆ ನೀರಿನ ಟ್ಯಾಂಕಿಗೆ ಐಸ್ ತುಂಬಿಸಬಹುದು. ಮೀನು ಲಾರಿ ಹೋಗುವ ಊರಿನಲ್ಲಿ ಐಸಿಗೆ ಎಂತ ಬರಗಾಲ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎ ನಿಯಮದಲ್ಲಿ ಬ್ಲೋವರ್ ಅಥವಾ ಟರ್ಬೋ (ಎಂಜಿನ್ನಿನ ಹೊಗೆಯಿಂದ ತಿರುಗಿ ಗಾಳಿ ಒತ್ತುವಂಥದ್ದು) ಹಾಕಿದ ಪೆಟ್ರೋಲ್ ಎಂಜಿನ್ನಿನ ಸಿಸಿಯನ್ನು 1.7ರಿಂದ ಗುಣಿಸುತ್ತಾರೆ. 1149 ಗುಣಿಸು 1.7 ಅಂದರೆ 1953. ಸ್ಪರ್ಧೆ ನಡೆಸುವವರು ಇದೇ ಲೆಕ್ಕ ಹಿಡಿದರೆ ನಿಮ್ಮ ಸಣ್ಣ ಸ್ಟಾರ್ಮ್ ಎರಡು ಲೀಟರ್ ಕಾರುಗಳ ಸಾಲಿನಲ್ಲಿ ನಿಲ್ಲಬೇಕು. 75 ಬಿಎಚ್‌ಪಿ ಇಟ್ಟುಕೊಂಡು! ಬಹುಮಾನದ ಕಪ್ ಬೇಕಾದರೆ ಬ್ಲೋವರ್ ಬೇಡ, 60ರಲ್ಲೇ ಓಡಿಸಿ. ಗಮ್ಮತ್ತು ಬೇಕಾದರೆ ಧಾರಾಳ ಹಾಕಿ, ಕಪ್ಪಿನ ಆಸೆ ಬಿಡಿ. ನನ್ನನ್ನು ಕೇಳಿದರೆ ಗಮ್ಮತ್ತೇ ಸರಿ. ಸ್ಪರ್ಧೆಯ ನಿಯಮದ ಪುಸ್ತಕ ತರಿಸಿ ಓದಿ, ಆಮೇಲೆ ಅಡ್ವಾನ್ಸ್ ಕೊಡಿ.

ಪ್ರಶ್ನೆ: ಎಲ್ಲರೂ ಟರ್ಬೋ ಟರ್ಬೋ ಅಂತಾರೆ. ನೀವು ಸೂಪರ್‌ಚಾರ್ಜರ್ ಹಿಡಿದು ಕೂತಿದ್ದೀರಲ್ಲ? (ಓದುಗ, ಮಂಜೇಶ್ವರ)

ಉತ್ತರ: ಹೈವೇಗೆ ಟರ್ಬೋ, ಬೇಡ ಅನ್ನುವುದಿಲ್ಲ. ಆಟೋಕ್ರಾಸ್ ಬೇರೆ. ಕೋನ್ ಇಟ್ಟು ಮಾಡಿದ ಸಣ್ಣ ದಾರಿಯಲ್ಲಿ ಸಮಯ ಅಳೆಯುತ್ತಾರೆ. ಅಮೆರಿಕದ ಕಾರು ಕ್ಲಬ್ ಎಸ್‌ಸಿಸಿಎ ನಡೆಸುವ ಸ್ಪರ್ಧೆಗಳಲ್ಲಿ ಒಂದು ಕೋನ್ ಬೀಳಿಸಿದರೆ 2 ಸೆಕೆಂಡ್ ದಂಡ. ನಮ್ಮಲ್ಲಿ ಜಾಸ್ತಿ ನಡೆಯುವುದು ಮಣ್ಣಿನ ಮೈದಾನದಲ್ಲಿ. ಎರಡನೇ ಗೇರಿನಲ್ಲೇ ಮುಕ್ಕಾಲು ಕೆಲಸ. ಆಕ್ಸಿಲರೇಟರ್ ಬಿಡು, ಒತ್ತು, ಬಿಡು, ಒತ್ತು. ಟರ್ಬೋಗೆ ಹೊಗೆಯ ರಭಸ ಬೇಕು, ಅದು ಬರುವಷ್ಟರಲ್ಲಿ ತಿರುವು ಮುಗಿದಿರುತ್ತದೆ. ಬ್ಲೋವರ್ ಬೆಲ್ಟಿನಲ್ಲಿ ಕ್ರ್ಯಾಂಕಿಗೇ ಕಟ್ಟಿಕೊಂಡಿದೆ, ಕಾಲು ಒತ್ತಿದ ಕೂಡಲೇ ಎಳೆತ. ಬಿಎಂಡಬ್ಲ್ಯೂ ಕಾಲದ ಮೊದಲ ಮಿನಿ ಕೂಪರ್ ಎಸ್‌ನಲ್ಲಿ 1.6 ಲೀಟರ್ ಎಂಜಿನ್ನಿಗೆ ಈಟನ್ ಎಂ45 ಬ್ಲೋವರ್ ಇತ್ತು. ಓಡಿಸಿದವರನ್ನು ಕೇಳಿ ನೋಡಿ, ಅವರು ಮೊದಲು ಹೇಳುವುದು ಅದರ ಸಿಳ್ಳೆಯ ವಿಷಯ!

ಪ್ರಶ್ನೆ: ಬೂಸ್ಟ್ ಹಾಕಿದ ಮೇಲೆ ಪಿಸ್ಟನ್ ತೂತಾಯಿತು ಅಂತ ಕೇಳುತ್ತೇವೆ. ತಪ್ಪಿಸುವುದು ಹೇಗೆ? ಮತ್ತೆ, ಸ್ಪೀಡಿಗೆ ತಕ್ಕ ಹಾಗೆ ಕಾರು ತಿರುಗುವುದಿಲ್ಲ, ಮೂತಿ ಸೀದಾ ಹೋಗುತ್ತದೆ. (ಓದುಗ, ಕುಂಬಳೆ)

ಉತ್ತರ: ತೂತು ಬೀಳುವುದು ಹೆಚ್ಚಾಗಿ ಪೆಟ್ರೋಲ್ ಸಾಲದೆ, ಅಥವಾ ಸ್ಪಾರ್ಕ್ ಮುಂಚೆ ಬಂದು. ಸುಮ್ಮನೆ ಓಡುವಾಗ 1 ಭಾಗ ಪೆಟ್ರೋಲಿಗೆ 14.7 ಭಾಗ ಗಾಳಿ. ಬೂಸ್ಟಿನಲ್ಲಿ ಅದನ್ನು 11.5ರಿಂದ 12ಕ್ಕೆ ಇಳಿಸಬೇಕು. ಇದನ್ನು ಕಣ್ಣಂದಾಜಿನಲ್ಲಿ ಮಾಡಲು ಆಗುವುದಿಲ್ಲ, ಸೈಲೆನ್ಸರ್ ಪೈಪಿಗೆ ಈ ಪ್ರಮಾಣ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಬೇಕೇ ಬೇಕು. ಪೆಟ್ರೋಲ್ ಚಿಮುಕಿಸುವ ಹಳೇ ಇಂಜೆಕ್ಟರ್ ಸಾಲದಿದ್ದರೆ ದೊಡ್ಡದು ಹಾಕಿ. ಸ್ಪಾರ್ಕನ್ನು ಪ್ರತಿ ಪಿಎಸ್‌ಐ (ಟೈರಿನ ಗಾಳಿ ಅಳೆಯುವ ಅದೇ ಅಳತೆ) ಬೂಸ್ಟಿಗೆ ಕ್ರ್ಯಾಂಕ್ ಸುತ್ತಿನ ಒಂದು ಡಿಗ್ರಿ ಹಿಂದೆ ಇಟ್ಟು ಶುರು ಮಾಡಿ, ಆಮೇಲೆ ಡೈನೋದಲ್ಲಿ (ಪವರ್ ಅಳೆಯುವ ಯಂತ್ರದಲ್ಲಿ) ನೋಡಿ ಸ್ವಲ್ಪ ಸ್ವಲ್ಪ ಮುಂದೆ ತನ್ನಿ. ಪೆಟ್ರೋಲ್ 95 ಆಕ್ಟೇನಿನದ್ದೇ ಇರಲಿ.

ಧೂಳಿನ ವಿಷಯ ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಶಾರ್ಜಾದ ಗ್ಯಾರೇಜಿನಲ್ಲಿದ್ದಾಗ ಮರಳಿನಲ್ಲಿ ಓಡಿದ ಗಾಡಿಗಳ ಬ್ಲೋವರ್ ಬಿಚ್ಚುತ್ತಿದ್ದೆವು. ರೋಟರ್ ಮೇಲಿನ ಲೇಪ ಕೆರೆದು ಹೋಗಿ ಗೆರೆ ಗೆರೆ. ರೋಟರಿಗೂ ಗೋಡೆಗೂ ನಡುವೆ ಕೂದಲೆಳೆಯಷ್ಟೇ ಜಾಗ, ಅದು ದೊಡ್ಡದಾದಷ್ಟೂ ಬೂಸ್ಟ್ ಸೋರುತ್ತದೆ. ನಮ್ಮ ಮುರಕಲ್ಲಿನ ಕೆಂಪು ಧೂಳು ಮರಳಿಗಿಂತ ನಯ, ಸಾಧಾರಣ ಫಿಲ್ಟರಿನಲ್ಲಿ ನುಸುಳುತ್ತದೆ. ಚಂದ ಕಾಣುವ ತಂತಿಬಲೆಯ ಕೋನ್ ಫಿಲ್ಟರ್ ಬೇಡ. ಎಣ್ಣೆ ಸವರಿದ ಸ್ಪಂಜಿನ ಫಿಲ್ಟರ್ ಹಾಕಿ, ಪ್ರತಿ ಸ್ಪರ್ಧೆ ಆದ ಮೇಲೆ ತೊಳೆಯಿರಿ.

ಮೂತಿ ಸೀದಾ ಹೋಗುವುದಕ್ಕೆ ಸೀಮೆಸುಣ್ಣ ತನ್ನಿ. ಮುಂದಿನ ಟೈರಿನ ಅಂಚಿನಲ್ಲಿ, ತುಳಿಯುವ ಭಾಗದಿಂದ ಕೆನ್ನೆಯವರೆಗೆ ಒಂದು ಗೆರೆ ಎಳೆಯಿರಿ. ಗಟ್ಟಿ ನೆಲದಲ್ಲಿ ಒಂದು ಓಟ ಓಡಿಸಿ ಬಂದು ನೋಡಿ. ಗೆರೆ ಕೆನ್ನೆಯ ಕೆಳಗಿನವರೆಗೆ ಅಳಿಸಿದ್ದರೆ ಟೈರು ಮಗುಚುತ್ತಾ ಇದೆ, ಗಾಳಿ ಜಾಸ್ತಿ ಮಾಡಿ. ಅಂಚಿನವರೆಗೂ ಅಳಿಸದಿದ್ದರೆ ಗಾಳಿ ಇಳಿಸಿ. ಮುಂದಿನದ್ದು ಸರಿಯಾದ ಮೇಲೆ ಹಿಂದಿನ ಟೈರಿಗೆ 2–3 ಪಿಎಸ್‌ಐ ಏರಿಸಿ ನೋಡಿ, ಬಾಲ ಸ್ವಲ್ಪ ಆಡಿ ಮೂತಿ ಒಳಗೆ ಬರುತ್ತದೆ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಬೂಸ್ಟ್ ಜಾಸ್ತಿ ಆದಷ್ಟೂ ತಿರುವಿನಲ್ಲಿ ಒಳಗಿನ ಚಕ್ರ ಸುಮ್ನೆ ತಿರುಗುತ್ತದೆ. ದುಡ್ಡು ಉಳಿದಿದ್ದರೆ ದೊಡ್ಡ ಬ್ಲೋವರ್ ಬೇಡ, ಆ ಚಕ್ರ ಸುಮ್ನೆ ತಿರುಗದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್ ಹಾಕಿ.

ಪ್ರಶ್ನೆ: ನನ್ನದು ಕೆಎಲ್ 14 ನಂಬರಿನ, ಕಾಸರಗೋಡಿನ ಕಾರು. ಬ್ಲೋವರ್ ಹಾಕಿ ಮಂಗಳೂರಿಗೆ ಓಡಿಸಿಕೊಂಡು ಹೋಗಬಹುದಾ? (ಓದುಗ, ಉಪ್ಪಳ)

ಉತ್ತರ: ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದಕ್ಕೆ ಅಡ್ಡ ಬರುತ್ತದೆ. ಕೇರಳದ್ದೇ ಒಂದು ಕೇಸಿನಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ತಯಾರಕರು ಕೊಟ್ಟ ಮೂಲ ವಿವರ ಬದಲಾಗುವ ಹಾಗೆ ಗಾಡಿಯನ್ನು ತಿದ್ದುವ ಹಾಗಿಲ್ಲ. ಸ್ಪರ್ಧೆಯ ಕಾರನ್ನು ಸ್ಪರ್ಧೆಗೇ ಮೀಸಲಿಡಿ, ಪಿಕಪ್ಪಿನ ಮೇಲೆ ಹೇರಿಕೊಂಡು ಹೋಗಿ. ದೇಶದ ಮೋಟಾರು ಕ್ರೀಡಾ ಒಕ್ಕೂಟ ಎಫ್‌ಎಂಎಸ್‌ಸಿಐಯ ಲೈಸನ್ಸ್ ಮಾಡಿಸುವುದು, ಹೆಲ್ಮೆಟ್, ಬೆಂಕಿ ನಂದಿಸುವ ಸಿಲಿಂಡರ್, ಇದನ್ನೆಲ್ಲ ಕೊನೆಗೆ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಮಗ ಸ್ವಿಫ್ಟಿನ ಹಿಂದಿನ ಸೀಟು, ಸ್ಟೆಪ್ನಿ, ಜಾಕ್ ಎಲ್ಲ ಕಳಚಿ ಅಟ್ಟಕ್ಕೆ ಹಾಕಿದ್ದಾನೆ. ಮನೆಯವರೆಲ್ಲ ಮದುವೆಗೆ ಹೋಗುವುದು ಹೇಗೆ? ಇದರಿಂದ ನಿಜವಾಗಿ ಲಾಭ ಉಂಟಾ? (ಒಬ್ಬ ತಂದೆ, ಮುಳ್ಳೇರಿಯ)

ಉತ್ತರ: ಉಂಟು ಸ್ವಾಮೀ, ನಿಮ್ಮ ಮಗ ಬುದ್ಧಿವಂತ. ಭಾರ ಇಳಿಸಿದರೆ ಕಾರು ಓಡುವುದೂ ಚುರುಕು, ತಿರುಗುವುದೂ ಚುರುಕು, ಬ್ರೇಕ್ ಹಿಡಿಯುವುದೂ ಚುರುಕು. ಬ್ಲೋವರಿನಿಂದ ಈ ಮೂರರಲ್ಲಿ ಸಿಗುವುದು ಒಂದೇ. ನಿಮ್ಮ ಮಗ ಮೂರನ್ನೂ ಖರ್ಚಿಲ್ಲದೆ ಮಾಡಿದ್ದಾನೆ. ಸೀಟು ವಾಪಸ್ ಕೂರಿಸಲು ಅರ್ಧ ಗಂಟೆ ಸಾಕು, ಮದುವೆಯ ಹಿಂದಿನ ದಿನ ಅವನ ಕೈಯಲ್ಲೇ ಮಾಡಿಸಿ. ಬೋಲ್ಟುಗಳನ್ನು ಎಲ್ಲಿ ಇಟ್ಟಿದ್ದಾನೆ ಅಂತ ಮಾತ್ರ ಈಗಲೇ ಕೇಳಿಕೊಳ್ಳಿ.