ಬ್ರೌಸರ್‌ನಲ್ಲಿ ತೆರೆಯುವ ಎಪಿಐ ಜಾವಾದಲ್ಲಿ ‘ಪಿಕೆಐಎಕ್ಸ್ ಪಾತ್ ಬಿಲ್ಡಿಂಗ್ ಫೇಲ್ಡ್’ ಅಂದರೆ ಏನು ಮಾಡಬೇಕು?
ಕಂಪನಿಯ ಒಳಗಿನ ಎಪಿಐ ಬ್ರೌಸರ್‌ನಲ್ಲಿ ತೆರೆಯುತ್ತದೆ, ಜಾವಾ ಆಪ್‌ನಲ್ಲಿ ಮಾತ್ರ ಈ ಎರರ್ (ಸರ್ವರ್‌ನ ಸರ್ಟಿಫಿಕೇಟಿನಿಂದ ಜಾವಾ ನಂಬುವ ಸರ್ಟಿಫಿಕೇಟ್‌ವರೆಗೆ ಕೊಂಡಿ ಸಿಗಲಿಲ್ಲ ಅಂತ ಅರ್ಥ) ಬರುತ್ತದೆ, ಎಲ್ಲ ಸರ್ಟಿಫಿಕೇಟನ್ನೂ ಒಪ್ಪುವ ಟ್ರಸ್ಟ್ ಮ್ಯಾನೇಜರ್ (ಸರ್ಟಿಫಿಕೇಟ್ ಪರೀಕ್ಷಿಸುವ ಕೋಡ್) ಹಾಕಿಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಹಾಗೆ ಮಾಡಿದರೆ ನಡುವೆ ಕೂತ ಯಾರು ಬೇಕಾದರೂ ತಮ್ಮದೇ ಸರ್ಟಿಫಿಕೇಟ್ ತೋರಿಸಿ ನಿಮ್ಮ ಟೋಕನ್, ಪಾಸ್‌ವರ್ಡ್ ಎಲ್ಲ ಓದಬಹುದು. ಟೆಸ್ಟಿಂಗ್‌ಗೆ ಅಂತ ಬರೆದ ಇಂಥ ಕೋಡ್ ಪ್ರೊಡಕ್ಷನ್‌ವರೆಗೂ ಹೋಗಿಬಿಡುತ್ತದೆ.

ಯಾವ ಸರ್ಟಿಫಿಕೇಟ್ ನಂಬಬೇಕು ಅನ್ನುವುದಕ್ಕೆ ಜಾವಾ ಸಾಮಾನ್ಯವಾಗಿ ವಿಂಡೋಸ್‌ನ ಪಟ್ಟಿಯನ್ನಾಗಲಿ ಬ್ರೌಸರ್‌ನ ಪಟ್ಟಿಯನ್ನಾಗಲಿ ನೋಡುವುದಿಲ್ಲ. ಅದು ನಂಬುವುದು ತನ್ನದೇ ‘ಸಿಎಸರ್ಟ್ಸ್’ ಫೈಲನ್ನು. ಜಾವಾ 9ರಿಂದ ಇದು ಲಿಬ್ ಫೋಲ್ಡರ್‌ನ ಸೆಕ್ಯುರಿಟಿ ಒಳಗಿದೆ. ಜಾವಾ 8ರ ಜೆಡಿಕೆಯಲ್ಲಾದರೆ ಜೆಆರ್‌ಇ ಫೋಲ್ಡರ್ ಒಳಗಿನ ಲಿಬ್‌ನಲ್ಲಿ ಹುಡುಕಿ.

ಮೊದಲು ಸರ್ವರ್ ಏನು ಕಳಿಸುತ್ತಿದೆ ನೋಡಿ. ಓಪನ್‌ಎಸ್‌ಎಸ್‌ಎಲ್‌ನ ‘ಎಸ್ ಕ್ಲೈಂಟ್’ ಕಮಾಂಡನ್ನು ‘ಶೋಸರ್ಟ್ಸ್’ ಜೊತೆ ಓಡಿಸಿದರೆ ಸರ್ವರ್ ಕಳಿಸುವ ಇಡೀ ಚೈನ್, ಅಂದರೆ ಒಂದಕ್ಕೊಂದು ಸಹಿ ಮಾಡಿದ ಸರ್ಟಿಫಿಕೇಟ್‌ಗಳ ಸರಣಿ, ಕಾಣುತ್ತದೆ. ಸರ್ವರ್‌ನ ಸರ್ಟಿಫಿಕೇಟ್ ಒಂದೇ ಬಂದರೆ ಇಂಟರ್‌ಮೀಡಿಯೇಟ್ (ಸರ್ವರ್‌ನ ಸರ್ಟಿಫಿಕೇಟನ್ನು ರೂಟ್‌ಗೆ, ಅಂದರೆ ಸರಣಿಯ ಬುಡದ ಸರ್ಟಿಫಿಕೇಟ್‌ಗೆ, ಜೋಡಿಸುವ ನಡುವಿನ ಸರ್ಟಿಫಿಕೇಟ್) ಬಿಟ್ಟುಹೋಗಿರುವ ಸಾಧ್ಯತೆ ಜಾಸ್ತಿ. ಹಲವು ಬ್ರೌಸರ್‌ಗಳು ಅದನ್ನು ತಾವೇ ಹುಡುಕಿ ತಂದುಕೊಳ್ಳುತ್ತವೆ. ಜಾವಾ ನಾವು ಹೇಳದೆ ಹುಡುಕಲ್ಲ. ಆಗ ನಿಮ್ಮ ಕಡೆ ಏನೂ ಮುಟ್ಟಬೇಡಿ, ಪೂರ್ತಿ ಚೈನ್ ಕಳಿಸುವಂತೆ ಸರ್ವರ್ ನೋಡಿಕೊಳ್ಳುವವರಿಗೆ ಹೇಳಿ.

ಚೈನ್ ಸರಿಯಿದ್ದು, ರೂಟ್ ಕಂಪನಿಯದೇ ಆಗಿದ್ದರೆ ಆ ರೂಟ್ ಸರ್ಟಿಫಿಕೇಟನ್ನು ಐಟಿ ತಂಡದಿಂದಲೇ ಪಡೆದು ಫಿಂಗರ್‌ಪ್ರಿಂಟ್ (ಸರ್ಟಿಫಿಕೇಟನ್ನು ಗುರುತಿಸುವ ಹ್ಯಾಶ್) ತಾಳೆ ನೋಡಿ. ರೂಟ್ ಬದಲು ಸರ್ವರ್‌ನ ಸರ್ಟಿಫಿಕೇಟನ್ನೇ ಸೇರಿಸಿದರೆ ಅದು ಬದಲಾದ ದಿನ ಮತ್ತೆ ಅದೇ ಎರರ್. ಆಮೇಲೆ ಸಿಎಸರ್ಟ್ಸ್‌ನ ಕಾಪಿ ಮಾಡಿ, ಜಾವಾ ಜೊತೆ ಬರುವ ಕೀಟೂಲ್ ಕಮಾಂಡ್‌ನ ‘ಇಂಪೋರ್ಟ್‌ಸರ್ಟ್’ನಿಂದ ರೂಟನ್ನು ಆ ಕಾಪಿಗೆ ಸೇರಿಸಿ. ಯಾರೂ ಬದಲಿಸಿರದಿದ್ದರೆ ಪಾಸ್‌ವರ್ಡ್ ‘ಚೇಂಜ್‌ಇಟ್’. ಜೆವಿಎಂ (ಜಾವಾ ಆಪನ್ನು ಓಡಿಸುವ ಪ್ರೋಗ್ರಾಂ) ಶುರು ಮಾಡುವಾಗ ‘ಟ್ರಸ್ಟ್‌ಸ್ಟೋರ್’ (ನಂಬುವ ಸರ್ಟಿಫಿಕೇಟ್‌ಗಳ ಫೈಲ್) ಪ್ರಾಪರ್ಟಿಯಲ್ಲಿ ಆ ಫೈಲ್‌ನ ಪೂರ್ತಿ ಪಾತ್ ಕೊಡಿ.

ಖಾಲಿ ಟ್ರಸ್ಟ್‌ಸ್ಟೋರ್ ಬದಲು ಕಾಪಿ ಯಾಕೆ ಅಂದರೆ, ಆ ಪ್ರಾಪರ್ಟಿ ಕೊಟ್ಟ ಮೇಲೆ ಜಾವಾ ಮೂಲ ಸಿಎಸರ್ಟ್ಸ್ ಕಡೆ ತಿರುಗಿಯೂ ನೋಡುವುದಿಲ್ಲ. ಖಾಲಿ ಸ್ಟೋರ್‌ಗೆ ಕಂಪನಿಯ ರೂಟ್ ಮಾತ್ರ ಸೇರಿಸಿದ್ದರೆ ಕಂಪನಿಯ ಎಪಿಐ ಓಡುತ್ತದೆ, ಆದರೆ ಅಲ್ಲಿಯವರೆಗೆ ಚೆನ್ನಾಗಿದ್ದ ಪೇಮೆಂಟ್ ಗೇಟ್‌ವೇ ಕೈಕೊಡುತ್ತದೆ. ಜೆಡಿಕೆ ಅಪ್‌ಗ್ರೇಡ್ ಮಾಡಿದಾಗಲೆಲ್ಲ ಹೊಸ ಫೈಲ್‌ನಿಂದ ಮತ್ತೆ ಕಾಪಿ ಮಾಡಿ ಕಂಪನಿಯ ರೂಟನ್ನು ಸೇರಿಸಿ. ಇಲ್ಲದಿದ್ದರೆ ಹೊಸ ರೂಟ್‌ಗಳು ನಿಮಗೆ ಸಿಗುವುದಿಲ್ಲ.

ಪಾತ್ ತಪ್ಪಿದ್ದರೆ ಜಾವಾ ‘ಫೈಲ್ ಇಲ್ಲ’ ಅನ್ನುವುದಿಲ್ಲ. ‘ಟ್ರಸ್ಟ್‌ಆಂಕರ್ಸ್ ಪ್ಯಾರಾಮೀಟರ್ ಮಸ್ಟ್ ಬಿ ನಾನ್-ಎಂಪ್ಟಿ’ ಅನ್ನುತ್ತದೆ. ಅದು ಕಂಡರೆ ಮೊದಲು ಪಾತ್‌ನ ಸ್ಪೆಲ್ಲಿಂಗ್, ಆಮೇಲೆ ಆಪ್ ಓಡುವ ಯೂಸರ್‌ಗೆ ಆ ಫೈಲ್ ಓದುವ ಪರ್ಮಿಷನ್ ಇದೆಯಾ ನೋಡಿ.